ಇಸ್ತಾಂಬುಲ್ ಮತ್ತು ಇಬ್ಬರು ಕಸ್ತೂರಿಯರು

ಹೋದ ತಿಂಗಳು ಮೂಡಲಗಿಯಲ್ಲಿ ಒಂದು ಮದುವೆ ಇಸ್ತಾಂಬುಲ್ ಕಾರಣದಿಂದ ಮುರಿದುಬೀಳುವುದರಲ್ಲಿತ್ತು.

ನಗಬೇಡಿ. ನಾನು ಅಲ್ಲೇ ಇದ್ದೆ. ಕೈಯಲ್ಲಿ ಶಿರಾದ ಪ್ಲೇಟು ಹಿಡಿದುಕೊಂಡು, ಚಮಚ ಬಾಯಿಗಿಡಲೋ ಬೇಡವೋ ತಿಳಿಯದೆ ಕೂತಿದ್ದೆ. (ಮದುವೆ ಮುರಿಯುತ್ತಿರುವಾಗ ಶಿರಾ ತಿನ್ನುವುದು ಸರಿಯೇ? ಇದನ್ನು ನಮಗೆ ಯಾರೂ ಕಲಿಸಿಲ್ಲ.)

ಮೊದಲಿನಿಂದ ಹೇಳುತ್ತೇನೆ. ಹುಕ್ಕೇರಿ ನನ್ನ ತವರು. ಅಲ್ಲಿರುವ ನನ್ನ ತಮ್ಮನ ಮಗಳು ಕಸ್ತೂರಿ. ಘಟಪ್ರಭಾದ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನದ ಟೀಚರ್. ಮಾತು ಕಡಿಮೆ. ಆಡಿದರೆ ಮಾತ್ರ ಬೋರ್ಡಿನ ಮೇಲೆ ಬರೆದ ಹಾಗೆ ಇರುತ್ತದೆ. ಮೂಡಲಗಿಯಲ್ಲಿ ಟ್ರ್ಯಾಕ್ಟರ್ ಸ್ಪೇರ್ ಪಾರ್ಟ್ಸ್ ಅಂಗಡಿ ಇಟ್ಟಿರುವ ಪ್ರವೀಣನ ಜೊತೆ ಅವಳ ಸಂಬಂಧ ಕೂಡಿಬಂದಿತ್ತು. ಹುಡುಗ ಹುಡುಗಿಯನ್ನು ನೋಡಿ ಆಗಿತ್ತು, ಇಬ್ಬರೂ ಒಪ್ಪಿ ಆಗಿತ್ತು, ಫೋನಿನಲ್ಲಿ ಬೇಕಾದಷ್ಟು ಮಾತೂ ಆಗಿತ್ತು. ಉಳಿದದ್ದು ದಿನ ಗೊತ್ತುಮಾಡುವುದಷ್ಟೇ.

ಹಾಗಾಗಿ ಒಂದು ರವಿವಾರ ಬೆಳಗ್ಗೆ ನಾವು ಮೂಡಲಗಿಗೆ ಹೋದೆವು. ಹುಕ್ಕೇರಿಯಿಂದ ತಮ್ಮ ಮತ್ತು ಅವನ ಹೆಂಡತಿ. ಗೋಕಾಕದಿಂದ ನಾನು, ನಮ್ಮ ಮನೆಯವರು ಮತ್ತು ಕರದಂಟಿನ ಡಬ್ಬಿ. ಜೊತೆಗೆ ತಮ್ಮನ ಗೆಳೆಯ ದಸ್ತಗೀರ್ ಮಾಮಾ. ಹುಕ್ಕೇರಿ ಪೇಟೆಯಲ್ಲಿ ಅವರದು ಬಟ್ಟೆ ಅಂಗಡಿ. ನಮ್ಮ ತವರಿನ ಯಾವ ಶುಭಕಾರ್ಯದ ಮಾತೂ ಅವರಿಲ್ಲದೆ ಆದದ್ದಿಲ್ಲ.

ಹುಡುಗಿಯೂ ಬಂದಿದ್ದಳು. ಇಂಥ ಮಾತುಕತೆಗೆ ಹುಡುಗಿ ಹೋಗುವ ರೂಢಿ ನಮ್ಮಲ್ಲಿಲ್ಲ. ‘ನಾ ಇರೂ ಮನಿ ನಾನ ನೋಡಬ್ಯಾಡೇನು?’ ಎಂದು ಅವಳು ಕೇಳಿದಾಗ ಅವಳನ್ನೂ ಕಾರಿಗೆ ಹತ್ತಿಸಿಕೊಂಡು ಬಂದಿದ್ದರು.

ಎಲ್ಲ ಚೆನ್ನಾಗಿ ನಡೆದಿತ್ತು. ದಿನ ಗೊತ್ತಾಯಿತು. ಶಿರಾ, ಉಪ್ಪಿಟ್ಟು ಬಂತು. ಆಗ ಪ್ರವೀಣನ ಕಾಕಾ ಗಂಟಲು ಸರಿಮಾಡಿಕೊಂಡರು. ಈ ಕಾಕಾ ಮೊಬೈಲಿನಲ್ಲಿ ಓದಿದ್ದನ್ನೆಲ್ಲ ಊರಿಗೆ ಹೇಳದಿದ್ದರೆ ಊಟ ಅರಗದ ಮನುಷ್ಯ ಎಂದು ಆಮೇಲೆ ತಿಳಿಯಿತು.

‘ಒಂದು ಸಣ್ಣ ಮಾತು ಉಳದೈತ್ರಿ,’ ಅಂದರು.

ಮದುವೆ ಮಾತುಕತೆಯಲ್ಲಿ ‘ಸಣ್ಣ ಮಾತು’ ಅಂದರೆ ಹೆಣ್ಣಿನ ಕಡೆಯವರ ಎದೆ ಹೇಗೆ ಬಡಿದುಕೊಳ್ಳುತ್ತದೆ ಎಂದು ನಿಮಗೆ ಗೊತ್ತಲ್ಲ? ತಮ್ಮ ಉಪ್ಪಿಟ್ಟು ನುಂಗುವುದನ್ನು ನಿಲ್ಲಿಸಿದ.

‘ಹುಡುಗಿ ಹೆಸರು ಬದಲಿ ಮಾಡಬೇಕಾಗೈತಿ.’

ನಮ್ಮ ಕಡೆ ಇದು ಹೊಸದೇನಲ್ಲ. ತಾಳಿ ಕಟ್ಟಿದ ಮೇಲೆ ತಟ್ಟೆಯಲ್ಲಿ ಅಕ್ಕಿ ಹರವಿ, ಅದರ ಮೇಲೆ ಸೊಸೆಗೆ ಗಂಡನ ಮನೆಯವರು ಇಟ್ಟ ಹೆಸರು ಬರೆಯುತ್ತಾರೆ. ಎಷ್ಟೋ ಮನೆಗಳಲ್ಲಿ ಈಗ ಬಿಟ್ಟಿದ್ದಾರೆ. ಇವರೂ ಬಿಡುತ್ತಿದ್ದರೋ ಏನೋ. ಆದರೆ ಒಂದು ತೊಡಕಿತ್ತು. ಪ್ರವೀಣನ ತಾಯಿಯ ಹೆಸರೂ ಕಸ್ತೂರಿ.

‘ಅತ್ತಿ ಸೊಸಿಗೆ ಒಂದ ಹೆಸರು ಇರಾಕ ಬರೂದಿಲ್ರಿ,’ ಕಾಕಾ ವಿವರಿಸಿದರು. ‘ನಮ್ಮ ಹುಡುಗ ಹೇಣ್ತೀನ ಕರದ್ರ ಅವ್ವ ಓ ಅಂತಾಳ. ಹೇಣ್ತಿಗಿ ಬೈದ್ರ ಅವ್ವಗ ಬೈದಂಗ ಆಕ್ಕೈತಿ.’

‘ಬೈಯೂದ್ಯಾಕ?’ ಅಂದಳು ಕಸ್ತೂರಿ.

(ನಮ್ಮ ಕಸ್ತೂರಿ. ಇನ್ನೊಬ್ಬ ಕಸ್ತೂರಿ, ಅಂದರೆ ಹುಡುಗನ ತಾಯಿ, ಆಗ ಅಡುಗೆಮನೆಯಲ್ಲಿ ಚಹಾ ಸೋಸುತ್ತಿದ್ದರು.)

ಕಾಕಾ ಆ ಪ್ರಶ್ನೆಯನ್ನು ದಾಟಿಕೊಂಡು ಹೋದರು. ಹೊಸ ಹೆಸರು ಸಿದ್ಧವಾಗಿಯೇ ಇತ್ತಂತೆ. ಸಾನ್ವಿ. ಎಲ್‌ಕೆಜಿಗೆ ಹೋದರೆ ಬೆಂಚಿಗೊಬ್ಬಳು ಸಾನ್ವಿ ಸಿಗುತ್ತಾಳೆ. ನಮ್ಮ ಹುಡುಗಿ ತನ್ನಷ್ಟೇ ಎತ್ತರದ ಹುಡುಗರಿಗೆ ಪಾಠ ಹೇಳುವವಳು.

‘ನನಗ ಹೆಸರು ಐತಲ್ರಿ,’ ಅಂದಳು.

‘ಅಲ್ಲವಾ ತಂಗಿ, ಅಷ್ಟು ದೊಡ್ಡ ಬಾಂಬೆ ಮುಂಬಯಿ ಆತು. ಮದ್ರಾಸು ಚೆನ್ನೈ ಆತು. ನಮ್ಮ ಬೆಲ್ಗಾಮ್ ಬೆಳಗಾವಿ ಆತು. ನಿಂದೇನು?’

‘ಅವು ಹೊಸಾ ಹೆಸರು ಇಟ್ಕೊಳ್ಳಲಿಲ್ರಿ ಕಾಕಾ. ಮನ್ಯಾಗ ಕರಿಯೂ ಹೆಸರನ್ನ ಬೋರ್ಡಿಗೂ ಹಾಕ್ಕೊಂಡಾವು. ನಮ್ಮಜ್ಜ ಯಾವಾಗರ ಬೆಲ್ಗಾಮ್ ಅಂದಿದ್ನೇನು?’

ದಸ್ತಗೀರ್ ಮಾಮಾ ಮೆಲ್ಲಗೆ ‘ಖರೆ’ ಅಂದರು. ಅದು ಕಾಕಾಗೆ ನಾಟಿತು. ಕುರ್ಚಿಯಲ್ಲಿ ಮುಂದೆ ಸರಿದು ಕೂತರು. ಮೊಬೈಲಿನ ಓದೆಲ್ಲ ಒಮ್ಮೆಲೇ ಹೊರಗೆ ಬಂತು.

‘ಇಸ್ತಾಂಬುಲ್ ಗೊತ್ತೈತೇನು? ಮೊದಲ ಅದು ಬೈಜಾಂಟಿಯಂ. ಆಮ್ಯಾಲ ಕಾನ್‌ಸ್ಟಾಂಟಿನೋಪಲ್. ಈಗ ಇಸ್ತಾಂಬುಲ್. ಅಂಥಾ ಊರ ಸುಮ್ಮನ ಹೆಸರು ಬದಲಿ ಮಾಡ್ಕೊಂಡು ಕುಂತೈತಿ, ಹುಕ್ಕೇರಿ ಹುಡುಗಿ ಕುಂಡ್ರೂದಿಲ್ಲ ಅಂದ್ರ ಹೆಂಗ?’

ಕಸ್ತೂರಿ ಪ್ಲೇಟು ಕೆಳಗಿಟ್ಟಳು.

‘ಊರು ಗೆದ್ದವರು ಊರ ಹೆಸರು ಬದಲಿ ಮಾಡ್ತಾರ್ರಿ. ಕ್ಲಾಸಿನ್ಯಾಗ ನಾ ಅದನ್ನ ಪಾಠ ಮಾಡೇನಿ. ನೀವು ನನ್ನ ಗೆದ್ಕೊಂಡು ಬಂದೀರೇನು?’

ಅವಳು ಮುಂದುವರಿಸಿದಳು. ದನಿ ಏರಿಸಲಿಲ್ಲ.

‘ಹೆಸರು ಬಿಡಬೇಕು ಅಂದ್ರ ನಾ ಈ ಸಂಬಂಧನ ಬಿಡ್ತೇನಿ.’

ನಾನು ಶಿರಾದ ಚಮಚ ಹಿಡಿದು ಕೂತದ್ದು ಆಗಲೇ. ತಮ್ಮನ ಹೆಂಡತಿಯ ಕಣ್ಣಲ್ಲಿ ನೀರು ತುಂಬಿತ್ತು. ತಮ್ಮ ಮಗಳ ಮುಖ ನೋಡಿದ, ನನ್ನ ಮುಖ ನೋಡಿದ, ಕೊನೆಗೆ ದಸ್ತಗೀರ್ ಮಾಮಾನ ಮುಖ ನೋಡಿದ. ಮಾಮಾ ತಮ್ಮ ಟೋಪಿ ತೆಗೆದು ಮತ್ತೆ ಹಾಕಿಕೊಂಡರು.

‘ನಮ್ಮ ಜಿಲ್ಲಾದಾಗ ಬಾಗೇವಾಡಿ ಎರಡು ಅದಾವ್ರಿ,’ ಎಂದು ಶುರು ಮಾಡಿದರು. ‘ಬೆಲ್ಲದ ಬಾಗೇವಾಡಿ, ಹಿರೇಬಾಗೇವಾಡಿ. ಒಮ್ಮೆ ಒಂದೂರಿಗೆ ಹೋಗೂ ಮದುವಿ ಸೀರಿ ಗಂಟು ಇನ್ನೊಂದೂರಿಗೆ ಹೋಗಿ ದೊಡ್ಡ ಫಜೀತಿ ಆಗಿತ್ತು. ಆದ್ರೂ ನೀ ಹೆಸರು ಬಿಡು ಅಂತ ಒಂದೂರು ಇನ್ನೊಂದೂರಿಗೆ ಹೇಳಿಲ್ಲ. ಮೊದಲಿಗೆ ಒಂದೊಂದು ಮಾತು ಜೋಡಿಸಿಕೊಂಡು ಆರಾಮ ಅದಾವು.’

‘ಹಂಗಾರ ಏನು, ಬೆಲ್ಲದ ಕಸ್ತೂರಿ, ಹಿರೇ ಕಸ್ತೂರಿ ಅಂತ ಕರೀಬೇಕೇನು?’ ಕಾಕಾ ಸಿಡುಕಿದರು.

ಎರಡೂ ಕಡೆಯವರಿಗೆ ನಗು ಬಂತು. ಆದರೆ ತಡೆದುಕೊಂಡರು. ಮದುವೆ ಇನ್ನೂ ಗಾಳಿಯಲ್ಲೇ ಇತ್ತು. ಆಗ ದಸ್ತಗೀರ್ ಮಾಮಾ ಹುಡುಗನ ಕಡೆ ತಿರುಗಿದರು. ಅಲ್ಲಿಯವರೆಗೆ ಯಾರೂ ಅವನನ್ನು ಏನೂ ಕೇಳಿರಲಿಲ್ಲ. ಅವನು ಬಾಗಿಲ ಬಾಜೂ ನಿಂತಿದ್ದ.

‘ನೀ ಈಗ ಫೋನಿನ್ಯಾಗ ಏನಂತ ಕರೀತೀಯಪ್ಪಾ?’

ಪ್ರವೀಣನ ಕಿವಿ ಕೆಂಪಾಯಿತು. ‘ಟೀಚರ್ ಅಂತೇನ್ರಿ.’

ಈ ಸಲ ಯಾರಿಗೂ ನಗು ತಡೆಯಲಾಗಲಿಲ್ಲ. ಕಸ್ತೂರಿ ಕೂಡ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಆ ನಗೆಯ ನಡುವೆಯೇ ಹುಡುಗನ ತಾಯಿ ಚಹಾದ ಟ್ರೇ ಹಿಡಿದು ಹೊರಗೆ ಬಂದರು. ಒಳಗಿನಿಂದ ಎಲ್ಲ ಕೇಳಿಸಿಕೊಂಡಿದ್ದರು. ಟ್ರೇ ಇಟ್ಟು, ಕೈ ಒರೆಸಿಕೊಂಡು, ನಮ್ಮ ಹುಡುಗಿಯ ಪಕ್ಕದಲ್ಲೇ ಕೂತರು.

‘ಆ ಹೆಸರು ನಂದಲ್ಲ,’ ಅಂದರು.

ಎಲ್ಲರೂ ಅವರನ್ನೇ ನೋಡಿದೆವು.

‘ನಾ ತವರೂರು ಮೇಲವಂಕ್ಯಾಗ ಹುಟ್ಟಿದ್ದು ಬಾಳವ್ವ ಅಂತ. ಇಲ್ಲೆ ತಾಳಿ ಕಟ್ಟಿದ ಮ್ಯಾಲ ಅಕ್ಕಿ ಮ್ಯಾಲ ಏನು ಬರೀಬೇಕು ಅಂತ ಲಗ್ನ ಮಾಡಿಸಿದ ಅಯ್ಯನವರು ಕೇಳಿದ್ರು. ಯಾರೂ ವಿಚಾರ ಮಾಡಿದ್ದಿಲ್ಲ. ಎದುರಿಗೆ ಊದಿನಕಡ್ಡಿ ಪಾಕೀಟು ಇತ್ತು. ಅದರ ಮ್ಯಾಲ ಕಸ್ತೂರಿ ಅಂತ ಬರದಿತ್ತು. ಅದನ್ನ ಇಟ್ರು.’

ಮೂಲೆಯಲ್ಲಿ ಮಂಚದ ಮೇಲೆ ಅವರ ಅತ್ತೆ, ಅಂದರೆ ಪ್ರವೀಣನ ಅಜ್ಜಿ, ಎಲೆ ಅಡಿಕೆ ಕುಟ್ಟುತ್ತಿದ್ದರು. ಪಾಕೀಟು ನೋಡಿ ಹೆಸರು ಹೇಳಿದವರು ಅವರೇ. ಕುಟ್ಟುವುದನ್ನು ನಿಲ್ಲಿಸಿ, ‘ವಾಸನಿ ಚೊಲೋ ಇತ್ತವಾ ಅದು,’ ಅಂದರು.

ಬೀಗಿತ್ತಿ ನಕ್ಕರು. ಆಮೇಲೆ ಮೈದುನನ ಕಡೆ, ಅಂದರೆ ನಮ್ಮ ಕಾಕಾನ ಕಡೆ, ತಿರುಗಿದರು.

‘ಹುಡುಗಿ ಹುಟ್ಟಾ ಕಸ್ತೂರಿ ಅದಾಳ. ಅಕಿದು ಅಕಿಗಿ ಇರಲಿ. ನನ್ನ ಹೆಸರು ನನಗ ವಾಪಸ್ ಕೊಡ್ರಿ.’

ಇದಕ್ಕೆ ಏನು ಹೇಳಬೇಕೆಂದು ಕಾಕಾನ ಮೊಬೈಲಿನಲ್ಲಿ ಬಂದಿರಲಿಲ್ಲ. ನಮ್ಮ ಟೀಚರ್ ಮಾತ್ರ ಮೊದಲ ಸಲ ಅತ್ತೆಯ ಕೈ ಹಿಡಿದುಕೊಂಡು ಹೇಳಿದಳು, ‘ರಷ್ಯಾದಾಗ ಒಂದು ಊರು ಹಿಂಗ ಮಾಡೇತ್ರಿ. ಸೇಂಟ್ ಪೀಟರ್ಸ್‌ಬರ್ಗ್ ಇದ್ದದ್ದು ಪೆಟ್ರೋಗ್ರಾಡ್ ಆತು. ಆಮ್ಯಾಲ ಲೆನಿನ್‌ಗ್ರಾಡ್ ಆತು. ಕಡೀಕ ಊರ ಮಂದೀನ ಕೇಳಿ ಹಳೇ ಹೆಸರು ತಿರಗಿ ಇಟ್ಕೊಂತು.’

‘ಶಾಣ್ಯಾ ಊರು,’ ಅಂದರು ಬಾಳವ್ವ.

ಹುಡುಗನ ಅಪ್ಪ ಮಲ್ಲಪ್ಪನವರಿಗೆ ಮಾತ್ರ ಗಾಬರಿ. ‘ಹಂಗಾರ ನಾ ನಿನಗ ಇನ್ನ ಏನಂತ ಕರೀಲಿ?’

‘ನೀವು ಯಾವಾಗ ಹೆಸರು ಹಿಡದು ಕರದೀರಿ? ಏ ಇಲ್ಲೆ ಕೇಳಿಲ್ಲೆ ಅನ್ನೂದ ನನ್ನ ಹೆಸರು.’

ಆಮೇಲೆ ಆದದ್ದನ್ನು ನೀವು ನೋಡಬೇಕಿತ್ತು. ನೆರೆಮನೆಯಿಂದ ಚಪಾತಿಗೆ ಕೈಜೋಡಿಸಲು ಬಂದಿದ್ದ ಹೆಂಗಸರೆಲ್ಲ ಹಾಲ್‌ಗೆ ಬಂದುಬಿಟ್ಟರು. ಒಬ್ಬರು ತಾವು ಮೊದಲು ಸತ್ಯವ್ವ ಎಂದರು. ಇನ್ನೊಬ್ಬರು ತುಂಗವ್ವ. ಮತ್ತೊಬ್ಬರು ಗಂಡನ ಮನೆಯವರು ಇಟ್ಟ ಹೆಸರೇ ಚೊಲೋ, ತಾವು ಬಿಡುವುದಿಲ್ಲ ಎಂದರು. (ಅದೂ ಅವರ ಹಕ್ಕು.) ಮಂಚದ ಮೇಲಿನ ಅಜ್ಜಿ ತಮ್ಮದು ಚಂದ್ರವ್ವ ಇತ್ತೆಂದು ಘೋಷಿಸಿದರು. ‘ಇಲ್ಲೆ ಬಂದ ಮ್ಯಾಲ ಭಾಗೀರಥಿ ಅಂತ ಇಟ್ರು. ಅದು ನನ್ನ ನಾಲಿಗಿ ಮ್ಯಾಲ ಹೊರಳೂದ್ರಾಗ ಒಂದು ಕೂಸು ಹಡದಿದ್ದೆ,’ ಅಂದರು.

ಚಪಾತಿ ಹೊತ್ತಿದ ವಾಸನೆ ಬಂದಾಗಲೇ ಸಭೆ ಮುಗಿದದ್ದು.

ಮನೆಗೆ ಬಂದ ಮೇಲೆ ನಾನೂ ಕಾಕಾನ ಹಾಗೆ ಮೊಬೈಲಿನಲ್ಲಿ ಊರುಗಳ ಹಿಂದೆ ಬಿದ್ದೆ. ಏನೆಲ್ಲ ಸಿಕ್ಕಿತು ಗೊತ್ತೆ? ಓಸ್ಲೊ ನಗರಕ್ಕೆ ಒಬ್ಬ ರಾಜ ತನ್ನ ಹೆಸರು ಅಂಟಿಸಿ ಕ್ರಿಸ್ಟಿಯಾನಿಯಾ ಮಾಡಿದ್ದನಂತೆ. ತಲೆಮಾರುಗಳು ಕಳೆದ ಮೇಲೆ ಊರಿನವರು ಅದನ್ನು ಕಳಚಿಟ್ಟು ಮತ್ತೆ ಓಸ್ಲೊ ಆದರು. ಕಝಾಕಿಸ್ತಾನದ ರಾಜಧಾನಿ ಅಸ್ತಾನಾ ಮೊನ್ನೆ ಮೊನ್ನೆ ಒಬ್ಬ ನಾಯಕನ ಹೆಸರು ಹೊತ್ತು ಕೆಲ ವರ್ಷ ಓಡಾಡಿ, ಸುಸ್ತಾಗಿ ಮತ್ತೆ ಅಸ್ತಾನಾ ಆಗಿದೆ. ಅಮೆರಿಕದ ಒಂದು ಊರು ರೇಡಿಯೊ ಕಾರ್ಯಕ್ರಮವೊಂದರ ಹೆಸರನ್ನೇ ತಾನು ಇಟ್ಟುಕೊಂಡು, ಈಗಲೂ ಅದೇ ಹೆಸರಿನಲ್ಲಿದೆ. ಊದಿನಕಡ್ಡಿ ಪಾಕೀಟಿಗೆ ಇನ್ನು ನಗುವಂತಿಲ್ಲ.

ಇಸ್ತಾಂಬುಲ್ ಎಂಬ ಮಾತು ‘ಪಟ್ಟಣಕ್ಕೆ’ ಎಂಬ ಅರ್ಥದ ಗ್ರೀಕ್ ಮಾತಿನಿಂದ ಬಂದಿರಬಹುದಂತೆ. ಸುತ್ತಲಿನ ಹಳ್ಳಿಯವರು ಎಲ್ಲಿಗೆ ಹೊರಟೆ ಎಂದರೆ ಪಟ್ಟಣಕ್ಕೆ ಎನ್ನುತ್ತಿದ್ದರು, ಅದೇ ನಿಂತುಬಿಟ್ಟಿತು. ನಮ್ಮ ಸುತ್ತಿನ ಹಳ್ಳಿಯವರು ಗೋಕಾಕದ ಬಸ್ ಹತ್ತುವಾಗ ಏನನ್ನುತ್ತಾರೆ? ‘ಪ್ಯಾಟಿಗಿ ಹೊಂಟೇನಿ.’ ಸ್ವಲ್ಪದರಲ್ಲಿ ತಪ್ಪಿದೆ. ಇಲ್ಲದಿದ್ದರೆ ನಾನು ಇಂದು ಪ್ಯಾಟಿಗಿ ನಗರದ ನಿವಾಸಿ.

ಈಗ ನನ್ನ ವಿಷಯ. ಈ ಅಂಕಣದ ಮೇಲೆ ನೀವು ವಾರವಾರ ನೋಡುವ ಶೈಲಜಾ ಎಂಬ ಹೆಸರಿದೆಯಲ್ಲ, ಅದೂ ಅಕ್ಕಿಯ ಮೇಲೆ ಬರೆದದ್ದೇ. ಆ ದಿನ ಮೂಡಲಗಿಯಿಂದ ವಾಪಸ್ ಬರುವಾಗ, ಕಾರಿನಲ್ಲಿ ನಮ್ಮ ಮನೆಯವರು ಕೇಳಿದರು, ‘ನಿಂದು ಮೊದಲ ಏನಿತ್ತು?’

‘ದುಂಡವ್ವ.’

ಮದುವೆಯಲ್ಲಿ ನಾನು ಕಡ್ಡಿಯಂತಿದ್ದೆ. ಈಗ ಹೆಸರಿಗೆ ಪೂರಾ ಅರ್ಹಳಾಗಿದ್ದೇನೆ. ಅವರು ಇದನ್ನು ಬಾಯಿಬಿಟ್ಟು ಹೇಳಲಿಲ್ಲ, ಆದರೆ ಕನ್ನಡಿಯಲ್ಲಿ ಮೀಸೆ ಅಲುಗಿದ್ದು ಕಂಡಿತು. ಘಾಟಿನ ತಿರುವಿನಲ್ಲಿ ಒಮ್ಮೆ ಮೆಲ್ಲಗೆ ‘ದುಂಡವ್ವಾ’ ಎಂದು ಕರೆದು ನೋಡಿದರು. ಅಪ್ಪ ತೀರಿಹೋದ ಮೇಲೆ ಯಾವ ಗಂಡಸೂ ನನ್ನನ್ನು ಹಾಗೆ ಕರೆದಿರಲಿಲ್ಲ. ಓ ಎನ್ನಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು.

ಹೋದ ವಾರ ಮದುವೆ ಕಾರ್ಡು ವಾಟ್ಸ್‌ಆ್ಯಪ್‌ನಲ್ಲಿ ಊರೂರಿಗೆ ಹೋಯಿತು. ಶ್ರೀಮತಿ ಬಾಳವ್ವ ಮತ್ತು ಶ್ರೀ ಮಲ್ಲಪ್ಪ ಇವರ ಮಗ ಪ್ರವೀಣ. ವಧು ಕಸ್ತೂರಿ. ಮಲ್ಲಪ್ಪನವರ ಫೋನಿಗೆ ಅಂದಿನಿಂದ ಬಿಡುವಿಲ್ಲ. ಬಂಧುಗಳಿಗೆಲ್ಲ ತಲೆ ಗಿರಗಿರ. ಕಸ್ತೂರಿ ಎಲ್ಲಿ ಹೋದಳು? ಈ ಬಾಳವ್ವ ಯಾರು? ಬೆಲ್ಲದ ಬಾಗೇವಾಡಿಯ ಹಿರಿಯರೊಬ್ಬರು ನೇರವಾಗಿಯೇ ಕೇಳಿದರಂತೆ, ‘ಯಾಕೋ ಮಲ್ಲಪ್ಪಾ, ಈ ವಯಸ್ಸಿನ್ಯಾಗ ಇನ್ನೊಂದು ಮಾಡ್ಕೊಂಡಿಯೇನು?’

ಮೊದಮೊದಲು ಮಲ್ಲಪ್ಪನವರು ಎಲ್ಲರಿಗೂ ಇಡೀ ಕಥೆ ಹೇಳುತ್ತಿದ್ದರು. ಹೇಳಿ ಹೇಳಿ ಸಾಕಾಗಿದೆ. ಈಗ ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಫೋನ್ ಎತ್ತುತ್ತಾರಂತೆ.

‘ಹೂಂ, ಮಾಡ್ಕೊಂಡೇನಿ. ಮೇಲವಂಕಿ ಹುಡುಗಿ. ಬಾಳವ್ವ ಅಂತ.’

ಅಂದಹಾಗೆ, ನಿಮ್ಮ ಮನೆಯಲ್ಲಿರುವ ಹುಡುಗಿಯ ಮೊದಲಿನ ಹೆಸರೇನು?