ಬಾಡಿಗೆಯ ಕೆಂಪು ಕಾರು ಮತ್ತು ನನ್ನ ಹುರುಳಿ

ಮನೆಗೆ ಬಂದ ಯಾವುದೇ ಕಾಗದವನ್ನು ಕೊನೆಯ ಸಾಲಿನವರೆಗೆ ಓದುವುದು ನನಗೆ ಹಿಂದಿನಿಂದ ಬಂದ ಚಟ. ಗೊಬ್ಬರದ ಚೀಲದ ಮೇಲಿನ ಅಕ್ಷರ, ಔಷಧದ ಡಬ್ಬಿಯೊಳಗೆ ಮಡಚಿಟ್ಟ ಚೀಟಿ, ಕರೆಂಟು ಬಿಲ್ಲಿನ ಹಿಂಬದಿ, ಯಾವುದನ್ನೂ ಬಿಟ್ಟವಳಲ್ಲ. ಹೋದ ವರ್ಷ ನನ್ನ ಮೈದುನನ ಮಗ ತನ್ನ ಮದುವೆಯ ಮೆರವಣಿಗೆಗೆಂದು ದಾವಣಗೆರೆಯಿಂದ ಸ್ಪೋರ್ಟ್ಸ್ ಕಾರು ಗೊತ್ತುಮಾಡಿದಾಗ, ಬಾಡಿಗೆಯವರು ಕೊಟ್ಟ ನಾಲ್ಕು ಹಾಳೆಯ ಕರಾರುಪತ್ರ ನೇರವಾಗಿ ನನ್ನ ಅಡುಗೆಮನೆಗೆ ಬಂತು.

"ದೊಡ್ಡವ್ವಾ, ಸಹಿ ಹಾಕೂಕಿಂತ ಮೊದ್ಲು ನೀ ಒಂದ್ಸಲ ನೋಡಿಬಿಡು," ಎಂದ.

ಅವನು ಹರಪನಹಳ್ಳಿಯ ಮೆಕ್ಕೆಜೋಳದ ಮಂಡಿಯೊಂದರಲ್ಲಿ ಕೆಲಸಕ್ಕಿದ್ದಾನೆ. ಅಲ್ಲೇ ರೂಮು, ಊರಿಗೆ ಬರುವುದು ಹಬ್ಬಕ್ಕೆ ಮಾತ್ರ. ನಮ್ಮೂರು ಕೊಟ್ಟೂರಿನಿಂದ ಉಜ್ಜಿನಿ ಕಡೆ ಹೋಗುವ ದಾರಿಯಲ್ಲಿ ರಸ್ತೆಗೆ ಅಂಟಿಕೊಂಡಿದೆ. ಫೋನಿನಲ್ಲಿ ಅವನು ತೋರಿಸಿದ ಕಾರು ಕೆಂಪಗೆ, ನೆಲಕ್ಕೆ ಗದ್ದ ಊರಿ ಕೂತ ಬೆಕ್ಕಿನಂತಿತ್ತು. ಸಾರಿಗೆ ಒಗ್ಗರಣೆ ಹಾಕಿ, ಕನ್ನಡಕ ಏರಿಸಿ ಕೂತೆ.

"ಇದ್ರಾಗ ಎರಡ ಸೀಟು ಅಂತ ಐತಲ್ಲೋ. ಡ್ರೈವರ್ ಅವರ ಕಡೆಯಾಂವನ ಇರಬೇಕು ಅಂತಾನೂ ಐತಿ. ಹೆಣ್ಣು ಎಲ್ಲಿ ಕುಂದರ್ತಾಳ?"

"ಮೆರವಣಿಗಿಗೆ ನಾನೊಬ್ನ ಸಾಕು ಬಿಡು."

"ಹಂಗಾದ್ರ ಡ್ರೈವರನ್ನ ಮದಿವಿ ಆದಂಗ ಕಾಣ್ತೈತಿ ನೋಡು."

ಅವನು ನಕ್ಕ. ನಾನು ಹಾಳೆ ತಿರುವುತ್ತ ಹೋದೆ. ಮೊದಲ ಹಾಳೆಯಲ್ಲಿ ದಪ್ಪ ಅಕ್ಷರದಲ್ಲಿ ಬಾಡಿಗೆ ಇತ್ತು. ಉಳಿದದ್ದೆಲ್ಲ ಇರುವೆ ಸಾಲಿನಂಥ ಅಕ್ಷರದಲ್ಲಿ. ಇಂತಿಷ್ಟು ಕಿಲೋಮೀಟರು ದಾಟಿದರೆ ಪ್ರತಿ ಕಿಲೋಮೀಟರಿಗೂ ಬೇರೆ. ಆ ಲೆಕ್ಕ ನಮ್ಮ ಮನೆ ಬಾಗಿಲಿನಿಂದಲ್ಲ, ದಾವಣಗೆರೆಯ ಅವರ ಶೆಡ್ಡಿನಿಂದ. ಹೋಗಿಬರುವುದರಲ್ಲೇ ಮುಕ್ಕಾಲು ಪಾಲು ಮುಗಿಯುತ್ತಿತ್ತು. ಹೇಳಿದ ಹೊತ್ತಿಗೆ ಹಿಂದಿರುಗಿಸದಿದ್ದರೆ ತಾಸಿನ ಲೆಕ್ಕದಲ್ಲಿ ದಂಡ. ಪೆಟ್ರೋಲು ತುಂಬಿಸಿಯೇ ಕೊಡಬೇಕು, ಅದೂ ಹೆಚ್ಚಿನ ದರದ್ದು. ಹೂವಿನ ಅಲಂಕಾರಕ್ಕೆ ಟೇಪು ಹಚ್ಚಿ ಗೋಂದಿನ ಕಲೆ ಉಳಿದರೆ ತೊಳೆಯುವ ಖರ್ಚು ನಮ್ಮದು. ತೆರಿಗೆ ಬೇರೆ, ಡ್ರೈವರನ ಭತ್ಯೆ ಬೇರೆ. ಮೂರನೆಯ ಹಾಳೆಯ ತಳದಲ್ಲಿ, ಟೈರು, ಗಾಜು ಮತ್ತು ವಾಹನದ ಕೆಳಭಾಗಕ್ಕೆ ಆದ ಹಾನಿಗೆ ವಿಮೆ ಇಲ್ಲ, ಠೇವಣಿಯಲ್ಲಿ ಮುರಿದುಕೊಳ್ಳಲಾಗುವುದು ಎಂದಿತ್ತು.

"ಗಾಡಿ ಹೊಟ್ಟಿಗೆ ಏನರ ಆದ್ರ ನಿನ್ನ ಠೇವಣಿ ಹೋದಂಗ," ಎಂದು ಬಿಡಿಸಿ ಹೇಳಿದೆ. "ಮತ್ತ ತಡ ಮಾಡಬ್ಯಾಡ್ರಿ, ತಾಸಿಗೆ ಇಷ್ಟು ಅಂತ ಐತಿ. ಬೇಗ ಬಂದು ಬೇಗ ಕಳಿಸಿಬಿಡ್ರಿ."

ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಇದನ್ನೆಲ್ಲ ಸಾಲಾಗಿ ಬರೆದು ಬಾಗಿಲ ಪಕ್ಕ ಅಂಟಿಸಿದೆ. ಟೇಪು ಬೇಡ, ದಾರ ಕಟ್ಟಿ. ಬಾನೆಟ್ಟಿನ ಮೇಲೆ ತೆಂಗಿನಕಾಯಿ ಒಡೆಯಬೇಡಿ. ಶಾಲೆಯ ಮುಂದಿನ ರಸ್ತೆಯುಬ್ಬಿಗೆ ಹಲಗೆ ಇಡಿ. ಬಂದವರೆಲ್ಲ ಓದಿ ನನ್ನನ್ನು ಹೊಗಳಿದರು. ನನಗೂ ಸಣ್ಣಗೆ ಹೆಮ್ಮೆಯಾಗಿತ್ತು.

ಆ ಪಟ್ಟಿಯಲ್ಲಿ ಹುರುಳಿ ಇರಲಿಲ್ಲ.

ನನ್ನ ಪಾಲಿಗೆ ಒಂದು ತುಂಡು ಕೆಂಪು ಹೊಲವಿದೆ. ಹುರುಳಿ ಬಿಟ್ಟರೆ ಬೇರೆ ಹಾಕುವುದಿಲ್ಲ. ನಮ್ಮ ಕಡೆ ಅದನ್ನು ಕಿತ್ತು ಒಣಗಿಸಿ, ಬಳ್ಳಿ ಸಮೇತ ಡಾಂಬರು ರಸ್ತೆಯ ಮೇಲೆ ಹರವುತ್ತೇವೆ. ಬಸ್ಸು, ಲಾರಿ, ಟ್ರ್ಯಾಕ್ಟರು ಹಾದುಹೋಗುತ್ತವೆ, ಕಾಯಿ ಒಡೆಯುತ್ತದೆ, ನಾವು ಮಗುಚುತ್ತೇವೆ, ಮತ್ತೆ ಹಾಯುತ್ತವೆ. ಕೂಲಿಯಿಲ್ಲ, ಮಷೀನಿಲ್ಲ. ಮಾಡಬಾರದು ಎಂದು ಎಲ್ಲರಿಗೂ ಗೊತ್ತು, ಎಲ್ಲರೂ ಮಾಡುತ್ತೇವೆ.

ಮೆರವಣಿಗೆಯ ದಿನ ಬೆಳಿಗ್ಗೆಯೂ ನನ್ನ ಹುರುಳಿ ರಸ್ತೆಯ ಮೇಲಿತ್ತು. ಎರಡು ಬಸ್ಸು ಹಾದಿದ್ದವು, ಇನ್ನೂ ಕಾಲುಭಾಗ ಕಾಯಿ ಒಡೆದಿರಲಿಲ್ಲ. ಕಾರು ಬರುವುದು ನಾಲ್ಕಕ್ಕೆ ಎಂದಿದ್ದರು, ಕೊಟ್ಟೂರಿನ ಬಸ್ಸು ಮೂರಕ್ಕೆ. ಅದೊಂದು ಹಾಯಲಿ, ಆಮೇಲೆ ಬಾಚಿಕೊಂಡರಾಯಿತು ಎಂದು ಎದುರುಮನೆಯಾಕೆಯನ್ನು ಕರೆದೆ.

ಆಕೆ ನನಗಿಂತ ನಾಲ್ಕೈದು ವರ್ಷ ಹಿರಿಯಳು. ಕೂಲಿಗೆ ಹೋಗುತ್ತಾಳೆ, ಪಾಲಿಗೆ ಒಂದಿಷ್ಟು ಹೊಲ ಮಾಡುತ್ತಾಳೆ. ಆಕೆಯ ಹುರುಳಿ ಹಿಂದಿನ ವಾರವೇ ಮುಗಿದು ಚೀಲ ಸೇರಿತ್ತು.

"ಅಕ್ಕಾ, ಬಸ್ಸು ಹಾಯೂಮಟ ನನ್ ಹುರುಳಿ ಸ್ವಲ್ಪ ನೋಡ್ಕೋತಿಯೇನು? ಬೀಗರು ಬರ್ತಾರ, ಹೋಳಿಗಿ ಇನ್ನೂ ಅರ್ಧ ಆಗ್ಯಾವ."

"ಹೋಗವ್ವ, ನಾ ಅದೀನಿ. ನನಗೊಂದೆರಡು ಹೋಳಿಗಿ ತೆಗೆದಿಡು, ಸುಟ್ಟವು ಅಲ್ಲ ಮತ್ತ," ಎಂದು ಪೊರಕೆ ಹಿಡಿದು ರಸ್ತೆಬದಿಯ ಕಲ್ಲಿನ ಮೇಲೆ ಕೂತಳು.

ಕಾರು ಮೂರಕ್ಕಿಂತ ಮೊದಲೇ ಬಂತು. ತಾಸಿನ ದಂಡಕ್ಕೆ ಹೆದರಿ, ನಾನು ಹೇಳಿದ್ದನ್ನೇ ಮನಸ್ಸಿನಲ್ಲಿಟ್ಟುಕೊಂಡು ಕಾರು ತರಲು ಹೋಗಿದ್ದ ಮದುಮಗ ಡ್ರೈವರನನ್ನು ಬೇಗ ಹೊರಡಿಸಿಕೊಂಡು ಬಂದಿದ್ದ. ಬಸ್ಸು ಇನ್ನೂ ಬಂದಿರಲಿಲ್ಲ.

ಮೊದಲು ಕೇಳಿದ್ದು ಹುಡುಗರ ಕೇಕೆ, ಆಮೇಲೆ ಏನೋ ಪರಪರ ಹರಿದ ಸದ್ದು. ಆರತಿ ತಟ್ಟೆ ಹಿಡಿದೇ ಓಡಿದೆ. ಕೆಂಪು ಕಾರು ನನ್ನ ಹುರುಳಿಯ ನಡುವೆ ನಿಂತಿತ್ತು. ಬಸ್ಸಿನ ಹೊಟ್ಟೆಗೆ ತಾಗದ ಬಳ್ಳಿ ಇದರ ಹೊಟ್ಟೆಗೆ ರಾಶಿಯಾಗಿ ಸಿಕ್ಕು, ಗಾಲಿಯ ಒಳಗೆಲ್ಲ ಹಗ್ಗದಂತೆ ಸುತ್ತಿತ್ತು. ತಳದಿಂದ ತೆಳ್ಳಗೆ ಹೊಗೆ. ಯಾರೋ ಎರಡು ಕೊಡ ನೀರು ಸುರಿದರು. ಮೀಸೆಯ ಡ್ರೈವರು ಅಂಗಾತ ಮಲಗಿ ಕೆಳಗೆ ತೂರಿ, ಬಳ್ಳಿಯ ಜೊತೆ ಕಾರಿನ ತಳ ಮುಚ್ಚುವ ಕಪ್ಪು ಪ್ಲಾಸ್ಟಿಕ್ ಹಾಳೆಯನ್ನೂ ಎಳೆದು ಹೊರಗೆ ತಂದ. ಅದು ಎರಡು ತುಂಡಾಗಿತ್ತು.

"ಇದೇನು ರಸ್ತಿನೋ, ಕಣಾನೋ? ಯಾರ್ದ್ರಿ ಇದು?" ಎಂದ.

ಎದುರುಮನೆಯಾಕೆ ಪೊರಕೆ ಹಿಡಿದು ಅಲ್ಲೇ ನಿಂತಿದ್ದಳು. ಮದುಮಗ ಇಳಿದವನೇ ಆಕೆಯ ಮೇಲೆ ಹರಿಹಾಯ್ದ.

"ಏ ಮುದುಕಿ, ಕಣ್ಣು ಕಾಣಂಗಿಲ್ಲೇನ್ಲೇ ನಿನಗ? ನಿಮ್ಮಪ್ಪನ ರಸ್ತಿ ಏನು ಇದು? ಇದರ ರೊಕ್ಕ ಯಾರು ಕೊಡಾವ್ರು?"

ಆಕೆ ಅವನ ಕಡೆ ನೋಡಲೇ ಇಲ್ಲ. ನನ್ನ ಕಡೆ ನೋಡಿದಳು. ಸಿಟ್ಟಿನಿಂದಲ್ಲ, ಬಸ್ಸಿನಲ್ಲಿ ಜಾಗ ಹಿಡಿದಿಟ್ಟವರು ನಾವು ಹತ್ತುವುದನ್ನು ಕಾಯುತ್ತಾರಲ್ಲ, ಹಾಗೆ. ನಾನು ಮಾತಾಡುತ್ತೇನೆ ಎಂದು ಕಾಯುತ್ತಿದ್ದಳು. ಬೀಗರ ಕಡೆಯವರು ಸುತ್ತ ನಿಂತಿದ್ದರು. ಪಟ್ಟಿ ಬರೆದು ಅಂಟಿಸಿದವಳು ನಾನು, ಗಾಡಿಯ ಹೊಟ್ಟೆ ಜೋಪಾನ ಎಂದವಳು ನಾನು. ನಾನು ತಟ್ಟೆಯಲ್ಲಿ ಚೆಲ್ಲಿದ್ದ ಕುಂಕುಮವನ್ನು ಬೆರಳಿನಿಂದ ಒಟ್ಟುಮಾಡತೊಡಗಿದೆ. ಒಂದು ಚೂರೂ ಬಿಡದಂತೆ ಒಟ್ಟುಮಾಡಿದೆ.

ಆಕೆ ತಲೆ ತಗ್ಗಿಸಿ ಬಳ್ಳಿ ಎಳೆಯಲು ಶುರುಮಾಡಿದಳು.

ಮೆರವಣಿಗೆ ನಡೆಯಿತು. ಕಾರು ನಡಿಗೆಗಿಂತ ನಿಧಾನವಾಗಿ, ಕೆಳಗೆ ಏನೋ ಕಟಕಟ ಅನ್ನಿಸುತ್ತ ಹೋಯಿತು. ನಾನು ಆರತಿ ಎತ್ತಿದೆ. ಮನೆಗೆ ಬಂದು ನೋಡಿದರೆ ಜಗಲಿಯ ಮೇಲೆ ಒಂದು ಚೀಲ. ನನ್ನ ಹುರುಳಿ; ಬಡಿದು, ತೂರಿ, ಕಲ್ಲು ಆರಿಸಿ, ಬಾಯಿ ಹೊಲಿದು ಇಟ್ಟಿದ್ದಳು. ತೆಗೆದಿಟ್ಟ ಹೋಳಿಗೆ ಒಯ್ಯಲು ಬರಲಿಲ್ಲ. ಮರುದಿನ ಮದುವೆಯ ಊಟಕ್ಕೂ ಬರಲಿಲ್ಲ. ಹೋಳಿಗೆ ನಾನೇ ಒಯ್ಯಬಹುದಿತ್ತು. ಬಟ್ಟೆ ಮುಚ್ಚಿ ಎರಡು ಸಲ ಹೊಸ್ತಿಲವರೆಗೆ ಹೋಗಿ ತಿರುಗಿ ಬಂದೆ. ದಿನದಿನದ ಸಂಗತಿಗಳನ್ನು ಕ್ಯಾಲೆಂಡರಿನ ಚೌಕದಲ್ಲಿ ಬರೆದಿಡುವುದು ನನ್ನ ರೂಢಿ. ಆ ದಿನದ ಚೌಕದಲ್ಲಿ ಇವತ್ತಿಗೂ ಇಷ್ಟೇ ಇದೆ: ಹುರುಳಿ, ಎರಡು ಬಸ್ಸು. ಮೆರವಣಿಗೆ ಚೆನ್ನಾಗಾಯಿತು.

ವಾರ ಕಳೆದು ಮೈದುನನ ಮಗ ಬಂದ. ಬಾಡಿಗೆಯವರು ಠೇವಣಿಯನ್ನು ಪೂರ್ತಿ ಉಳಿಸಿಕೊಂಡಿದ್ದರು. ಒಡೆದ ಪ್ಲಾಸ್ಟಿಕ್ಕಿಗೆ, ಅದನ್ನು ಕೂಡಿಸುವ ಕೂಲಿಗೆ, ಒಳಗೆ ಸಿಕ್ಕ ಬಳ್ಳಿ ತೆಗೆಯಲು, ಕಾರು ಶೆಡ್ಡಿನಲ್ಲಿ ನಿಂತ ದಿನಗಳ ಬಾಡಿಗೆಗೆ. ಈ ಕೊನೆಯದು ನಾಲ್ಕನೆಯ ಹಾಳೆಯಲ್ಲಿತ್ತಂತೆ. ಅವತ್ತು ಓದುತ್ತ ಅಲ್ಲಿಗೆ ಬರುವ ಹೊತ್ತಿಗೆ ಸಾರು ಉಕ್ಕಿತೆಂದು ಎದ್ದಿದ್ದೆ. ನಾನು ಓದದೆ ಬಿಟ್ಟ ಒಂದೇ ಹಾಳೆ ಅದು.

ಅವನು ಚಹಾ ಕುಡಿದು ಎದ್ದ. "ಎದುರುಮನಿಯಾಕಿನ್ನ ಕೇಳಿ ಬರ್ತೀನಿ. ಪೂರಾ ಅಲ್ಲದಿದ್ರೂ ಅರ್ಧ ಕೊಡ್ಲಿ. ಇಲ್ಲಾಂದ್ರ ಕೂಲಿ ಮಾಡಿ ತೀರಿಸ್ಲಿ."

ಚಪ್ಪಲಿಗೆ ಕಾಲು ತೂರಿಸಿಯಾಗಿತ್ತು. ಆಕೆ ಇದಕ್ಕೂ ಬಾಯಿ ಬಿಡುವವಳಲ್ಲ, ಸುಮ್ಮನೆ ಬಂದು ದುಡಿಯುತ್ತಾಳೆ ಎಂದು ನನಗೆ ಗೊತ್ತಿತ್ತು.

"ಹುರುಳಿ ಆಕಿದಲ್ಲೋ," ಎಂದೆ. "ನಂದು. ಆಕಿ ಕಾಯಾಕ ಕುಂತಿದ್ಲು, ನಾನ ಕೂರಿಸಿದ್ದೆ."

ಅವನು ಒಂದು ಚಪ್ಪಲಿಯಲ್ಲೇ ನಿಂತ. ಬೈಯುತ್ತಾನೆ ಎಂದುಕೊಂಡೆ. ಬೈದಿದ್ದರೆ ಹಗುರಾಗುತ್ತಿತ್ತು.

"ನೀ ಅವತ್ತ ಅಂದಿದ್ರ ನಕ್ಕು ಸುಮ್ನಾಗ್ತಿದ್ದೆ ದೊಡ್ಡವ್ವಾ. ನಿನಗ ಏನಂತಿದ್ದೆ ನಾನು?" ಎಂದ. ಆಮೇಲೆ ಮೆಲ್ಲಗೆ, "ಆಕಿಗೆ ಮುದುಕಿ ಅಂದೆ. ಲೇ ಅಂದೆ. ಅಷ್ಟು ಮಂದ್ಯಾಗ."

ಅವನು ಹೋಗಿ ಆಕೆಯ ಕಾಲು ಮುಟ್ಟಿ ಬಂದ. ನಾನು ಸಂಜೆ ಹೋದೆ, ಕೈಯಲ್ಲಿ ಸೇರು ಹುರುಳಿ ಹಿಡಿದು. ಆಕೆ ರೊಟ್ಟಿ ಬಡಿಯುತ್ತಿದ್ದಳು, ತಲೆ ಎತ್ತಲಿಲ್ಲ. ತಪ್ಪಾಯಿತು ಎಂದೆ. ರೊಟ್ಟಿ ಹಂಚಿಗೆ ಹಾಕಿ, ನೀರು ಸವರಿ, ತಿರುವಿ ಹಾಕಿದ ಮೇಲೆ ಮಾತಾಡಿದಳು.

"ಹುಡುಗ ಅಂದಿದ್ದು ಅವತ್ತ ಮರತೆ. ಅಂವಗೇನು ಗೊತ್ತು? ನೀ ಕುಂಕುಮ ಬಳಕೋಂತ ನಿಂತಿದ್ದಿ ನೋಡು."

ಸೇರನ್ನು ಒಲೆಯ ಪಕ್ಕ ಇಟ್ಟೆ.

"ಹುರುಳಿ ವಾಪಸ್ ಒಯ್ಯಿ. ನಮ್ಮನ್ಯಾಗೂ ಐತಿ. ಮುಂದಿನ ವರ್ಷ ನಿನ್ ಹುರುಳಿ ನೀನ ಕಾಯ್ಕೋ."

ನಂತರವೂ ಮಾತಾಡುತ್ತೇವೆ. ಹೆಪ್ಪಿಗೆ ಮಜ್ಜಿಗೆ ಕೊಡುತ್ತಾಳೆ, ಒಯ್ಯುತ್ತಾಳೆ. ಆದರೆ ಆಕೆ ನನ್ನನ್ನು ಏನನ್ನೂ ಕೇಳುವುದಿಲ್ಲ, ನಾನೂ ಕೆಲಸ ಹೇಳುವುದಿಲ್ಲ.

ಈ ವರ್ಷ ನನ್ನ ಹುರುಳಿಯ ಮುಂದೆ ನಾನೇ ಪೊರಕೆ ಹಿಡಿದು ನಿಂತೆ. ರಸ್ತೆಯ ಅಂಚಿಗೆ, ಅರ್ಧ ಗಾಲಿಗೆ ಸಿಗುವಷ್ಟೇ ಹರವಿದ್ದೆ. ಆಚೆ ಆಕೆಯ ಹುರುಳಿ ಇತ್ತು. ಎಲ್ಲಿಯದೋ ಒಂದು ಬಿಳಿ ಕಾರು ನಡುವೆ ಬಂದು ನಿಂತು, ಗಾಜು ಇಳಿಯಿತು. "ಯಾರ್ದ್ರಿ ಇದು, ರಸ್ತಿ ತುಂಬಾ..." ಎಂದು ಒಳಗಿನವರು ಕೇಳುತ್ತಿದ್ದರು. ಆಕೆ ಪೊರಕೆ ನಿಲ್ಲಿಸಿ ತಲೆ ಎತ್ತಿ ನನ್ನ ಕಡೆ ನೋಡಿದಳು.

"ನಂದ್ರಿ," ಎಂದೆ, ಅವರ ಮಾತು ಮುಗಿಯುವ ಮೊದಲೇ. ಬೇಕಾದದ್ದಕ್ಕಿಂತ ಗಟ್ಟಿಯಾಗಿಯೇ ಎಂದೆ.

ಆಕೆ ಮತ್ತೆ ಗುಡಿಸತೊಡಗಿದಳು.