ಅಳುವ ಸರದಿ

ಬೂದಿ ಬುಧವಾರದ ಬೆಳಗ್ಗೆ ಚರ್ಚಿನಿಂದ ನೇರವಾಗಿ ಕೆಲಸಕ್ಕೆ ಹೋದವಳ ಹಣೆಯ ಮೇಲೆ ಕಪ್ಪಗೆ ಇರುವುದೇನೆಂದು ಪೀಣ್ಯದಲ್ಲಿ ಯಾರನ್ನಾದರೂ ಕೇಳಿ ನೋಡಿ, ಗ್ರೀಸ್ ಎನ್ನುತ್ತಾರೆ. ನಾನು ಯಂತ್ರದ ಬಿಡಿಭಾಗ ಮಾಡುವ ಒಂದು ಕಾರ್ಖಾನೆಯ ಸ್ಟೋರಿನಲ್ಲಿ ಕೂತು ಬೋಲ್ಟು, ಬೇರಿಂಗು, ಕೈಗವಸು, ಎಣ್ಣೆ ಒರೆಸುವ ಬಟ್ಟೆಚೂರು ಇವನ್ನೆಲ್ಲ ಕೇಳಿದವರಿಗೆ ಎತ್ತಿಕೊಡುವವಳು. ಪ್ರತಿ ವರ್ಷವೂ ಆ ಬುಧವಾರ ಯಾರಾದರೊಬ್ಬರು, ನಾನೇ ಕೊಟ್ಟ ಬಟ್ಟೆಚೂರನ್ನು ನನ್ನತ್ತಲೇ ಚಾಚಿ, "ಮೇಡಂ, ಹಣೆ ಮೇಲೆ ಏನೋ ಆಗಿದೆ, ಒರೆಸ್ಕೊಳಿ" ಎನ್ನುವುದುಂಟು. ಇದು ಒರೆಸುವಂಥದ್ದಲ್ಲಪ್ಪಾ, ಮಣ್ಣಿನಿಂದ ಬಂದವಳು ಮಣ್ಣಿಗೇ ಹೋಗುವವಳು ಎಂದು ನೆನಪಿಸಲು ಫಾದರ್ ಬೂದಿಯಲ್ಲಿ ಇಟ್ಟು ಕಳಿಸಿದ ಗುರುತು ಎಂದು ವಿವರಿಸುವ ಉತ್ಸಾಹ ಮೊದಮೊದಲು ಇತ್ತು. ಈಗ, "ಹೂಂ, ಆಮೇಲೆ ಒರೆಸ್ಕೊತೀನಿ" ಎಂದು ಸುಮ್ಮನಾಗುತ್ತೇನೆ. ಸಂಜೆಯ ಹೊತ್ತಿಗೆ ಬೆವರಿನಲ್ಲಿ ಎಲ್ಲವೂ ಕಲೆಸಿಹೋದ ಮೇಲೆ ಹಣೆಯ ಮೇಲಿನ ಕಪ್ಪಿನಲ್ಲಿ ದೇವರ ಪಾಲೆಷ್ಟು, ಕಂಪನಿಯ ಪಾಲೆಷ್ಟು ಎಂದು ನನಗೂ ತಿಳಿಯುವುದಿಲ್ಲ.

ನಮ್ಮ ತಪಸ್ಸುಕಾಲ ಹೀಗೆ ಶುರುವಾಗುತ್ತದೆ. ಅಲ್ಲಿಂದ, ಯೇಸು ಸಾವಿನಿಂದ ಎದ್ದುಬಂದ ಪಾಸ್ಕ ಹಬ್ಬದವರೆಗೆ ಬಲಿಪೀಠಕ್ಕೆ ಹೂವಿಲ್ಲ, ಹಾಡಿನಲ್ಲಿ ಅಲ್ಲೆಲೂಯ ಇಲ್ಲ, ಅಡುಗೆಮನೆಯಲ್ಲಿ ಮಸಾಲೆಯ ಘಮಲಿಲ್ಲ. ಶುಕ್ರವಾರ ಬಂತೆಂದರೆ ಶಿಲುಬೆಹಾದಿಯ ಪ್ರಾರ್ಥನೆ, ಅದಾದ ಮೇಲೆ ಗಂಜಿ. ನಿಮ್ಮಲ್ಲಿ ಮುಚ್ಚುಮರೆ ಏಕೆ, ಈಚಿನ ವರ್ಷಗಳಲ್ಲಿ ಈ ಕಾಲ ಬಂದರೆ ನನಗೆ ಒಳಗೊಳಗೇ ಒಂದು ಬಗೆಯ ನಿರಾಳ. ವರ್ಷವಿಡೀ ಸೋತ ಮುಖ ಹೊತ್ತು ತಿರುಗುವವಳಿಗೆ, ಸೋತ ಮುಖವೇ ಶೋಭೆಯೆನಿಸುವ ಕೆಲವು ವಾರಗಳು ಸಿಕ್ಕರೆ ಬೇಡವೆನ್ನಲಾದೀತೇ? ಮೆಟ್ರೋ ನಿಲ್ದಾಣದ ಮೆಟ್ಟಿಲು ಹತ್ತುವಾಗ ಮಂಡಿ ಕಟಕಟ ಎನ್ನುತ್ತದೆ, ಮನೆಗೆ ಬಂದರೆ ನೀರಿನ ಟ್ಯಾಂಕರ್ ಬಂದಿರುವುದಿಲ್ಲ, ಬಂದರೆ ಮೋಟರ್ ಕೆಟ್ಟಿರುತ್ತದೆ. ಎಲ್ಲಕ್ಕೂ ನಾನು ಗೊಣಗುತ್ತೇನೆ. ಮೆಟ್ಟಿಲಿಗೆ, ಟ್ಯಾಂಕರಿಗೆ, ಮೋಟರಿಗೆ, ಕೊನೆಗೆ ಕುದಿಯಲು ತಡಮಾಡುವ ಎಸರಿಗೂ ಗೊಣಗುತ್ತೇನೆ. ಅಳುವುದು ಮಾತ್ರ ವರ್ಷಕ್ಕೊಮ್ಮೆ, ಶುಭ ಶುಕ್ರವಾರದ ಮಧ್ಯಾಹ್ನ, ನಮ್ಮ ಪಾಳ್ಯದ ಹೆಂಗಸರ ಜೊತೆ ಚಾಪೆಯ ಮೇಲೆ ಕೂತು.

ನಮ್ಮ ಪಾಳ್ಯವೆಂದರೆ ದಾಸರಹಳ್ಳಿಯ ಆಚೆ, ಬಾಡಿಗೆ ಕಟ್ಟಡಗಳ ನಡುವೆ ಸಿಕ್ಕಿಕೊಂಡಿರುವ ನಾಲ್ಕಾರು ಬೀದಿ. ಅಜ್ಜಂದಿರ ಕಾಲದಲ್ಲಿ ಸುತ್ತಲೂ ರಾಗಿಹೊಲ, ನಡುವೆ ಇಷ್ಟೇ ಇಷ್ಟು ಚರ್ಚು. ಹೊಲ ಹೋಗಿ ಶೆಡ್ಡುಗಳು ಬಂದವು, ಕೆಲವರು ಮನೆಯ ಮೇಲೆ ಮನೆ ಕಟ್ಟಿಸಿ ಬಾಡಿಗೆಗೆ ಬಿಟ್ಟರು, ನನ್ನಂಥವರು ಶೆಡ್ಡುಗಳಿಗೇ ಕೆಲಸಕ್ಕೆ ಹೋದೆವು. ಆದರೆ ಒಂದು ರೂಢಿ ಮಾತ್ರ ಹಾಗೇ ಉಳಿದುಕೊಂಡಿದೆ. ಶುಭ ಶುಕ್ರವಾರ ಪ್ರಾರ್ಥನೆಯೆಲ್ಲ ಮುಗಿದ ಮೇಲೆ, ಭುಜದಲ್ಲಿ ಕೀಲಿರುವ ನಮ್ಮ ಮರದ ಯೇಸುವನ್ನು ಗಂಡಸರು ಶಿಲುಬೆಯಿಂದ ಇಳಿಸಿ, ಕೈ ಮಡಚಿ, ಚಟ್ಟದ ಮೇಲೆ ಮಲಗಿಸಿ ಬಿಳಿ ಪಂಚೆ ಹೊದಿಸುತ್ತಾರೆ. ಸಾವಿನ ಮನೆಯಲ್ಲಿ ಕೂರುವಂತೆಯೇ ಹೆಂಗಸರು ಸುತ್ತ ಕೂರುತ್ತೇವೆ. ಆಮೇಲೆ ಗೋಳುಹಾಡು. ಅದರಲ್ಲಿ ಎರಡು ಪಾಲು: ಮಗನನ್ನು ಕಳೆದುಕೊಂಡ ತಾಯಿ ಕರೆಯುವುದು ಒಂದು, ಊರ ಹೆಂಗಸರು ಆ ತಾಯಿಯನ್ನು ಸಂತೈಸುವುದು ಇನ್ನೊಂದು. "ತಲೆ ಬಾಚಿ ಕಳಿಸಿದ್ನಲ್ಲೋ ಮಗನೇ, ಮುಳ್ಳು ಮುಡಿಸಿದೋರು ಯಾರೋ" ಎಂದು ತಾಯಿ ಕೇಳಿದರೆ, "ಹೆತ್ತವಳೇ, ನಿನ್ನ ಮಡಿಲಿಗೆ ಮಾತು ತಂದೀವಿ, ಮಗನ ತರಲಾರೆವು" ಎಂದು ನಾವು. ಎಲ್ಲೂ ಬರೆದಿಟ್ಟದ್ದಲ್ಲ, ಬಾಯಿಂದ ಬಾಯಿಗೆ ಬಂದದ್ದು.

ನನಗೆ ತಿಳಿವಳಿಕೆ ಬಂದಾಗಿನಿಂದ ತಾಯಿಯ ಪಾಲು ನನ್ನ ದೊಡ್ಡಮ್ಮನದು. ಅಮ್ಮನ ಅಕ್ಕ, ಹೆಸರು ಲೂರ್ದಮ್ಮ. ಚಟ್ಟದ ತಲೆಯ ಕಡೆ ಕೂತು ಅವಳು ದನಿಯೆತ್ತಿದರೆ ಕಿತ್ತಲೆ ಸಿಪ್ಪೆ ಕಣ್ಣಿಗೆ ಹಿಂಡಿದಂತೆ ಎಲ್ಲರ ಕಣ್ಣಲ್ಲೂ ನೀರು. ಒಂದು ವರ್ಷ ಪಕ್ಕದ ಕಟ್ಟಡಕ್ಕೆ ಹೊಸದಾಗಿ ಬಾಡಿಗೆಗೆ ಬಂದಿದ್ದ ಬಿಹಾರದ ಗಂಡಹೆಂಡಿರು ಈ ರೋದನ ಕೇಳಿ ಗಾಬರಿಯಾಗಿ, ಎಲ್ಲಿಂದಲೋ ಒಂದು ಹೂವಿನ ಹಾರ ಕೊಂಡು ಓಡಿಬಂದಿದ್ದರು. ಬಾಗಿಲಲ್ಲಿ ಚಪ್ಪಲಿ ಬಿಟ್ಟು, "ಯಾರು ಹೋಗ್ಬಿಟ್ರು ಅಕ್ಕ?" ಎಂದು ಆ ಹೆಂಗಸು ಕಲಿತ ಕನ್ನಡದಲ್ಲಿ ಪಿಸುಗುಟ್ಟಿದಳು. ನಮಗೆಲ್ಲ ನಗು ತಡೆಯುವುದೇ ಕಷ್ಟವಾಯಿತು. ದೊಡ್ಡಮ್ಮ ಮಾತ್ರ ನಗದೆ, ಕಣ್ಣೊರೆಸಿಕೊಂಡು, "ನನ್ ಮಗ ಕಣವ್ವ. ಬಾ, ಆಕು ಆರ" ಎಂದಳು. ಆ ಹೆಂಗಸು ಭಕ್ತಿಯಿಂದ ಹಾರ ಹಾಕಿ, ನಮ್ಮ ಜೊತೆಯಲ್ಲೇ ಕೂತು ತಾನೂ ಒಂದಿಷ್ಟು ಅತ್ತು ಹೋದಳು.

ಕಳೆದ ಕ್ರಿಸ್‌ಮಸ್ಸಿಗೆ ಸ್ವಲ್ಪ ಮುಂಚೆ ದೊಡ್ಡಮ್ಮನ ಮಗಳು ರೀಟಾ ತೀರಿಕೊಂಡಳು. ಒಬ್ಬಳೇ ಮಗಳು, ಮದುವೆಯಾಗಿರಲಿಲ್ಲ, ಗಾರ್ಮೆಂಟ್ಸ್ ಕೆಲಸಕ್ಕೆ ಹೋಗಿ ತಾಯಿಯನ್ನು ಸಾಕಿದವಳು. ಎದೆಯಲ್ಲಿ ಗಂಟು ಬಂದಿತ್ತು. ಆರ್ಡರಿನ ಸೀಸನ್ ಮುಗೀಲಿ, ಆಮೇಲೆ ತೋರಿಸ್ತೀನಿ ಎನ್ನುತ್ತಲೇ ಇದ್ದಳು. ನನಗಿಂತ ಸ್ವಲ್ಪ ಚಿಕ್ಕವಳು; ಇಬ್ಬರೂ ಒಂದೇ ತಟ್ಟೆಯಲ್ಲಿ ಉಂಡು ಬೆಳೆದವರು. ಆಸ್ಪತ್ರೆಯಿಂದ ಅವಳ ದೇಹವನ್ನು ಮನೆಗೆ ತಂದ ದಿನ ಪಾಳ್ಯದ ಹೆಂಗಸರೆಲ್ಲ ದೊಡ್ಡಮ್ಮನ ಬಾಯಿಂದ ಏನು ಹೊರಡುತ್ತದೋ ಎಂದು ಎದೆ ಹಿಡಿದುಕೊಂಡು ಕೂತಿದ್ದೆವು. ಏನೂ ಹೊರಡಲಿಲ್ಲ. ಊರವರ ಸಾವಿಗೆಲ್ಲ ಹೋಗಿ ಅತ್ತುಬರುವ ಮುದುಕಿ, ಸ್ವಂತ ಮಗಳ ಕಾಲ ಬುಡದಲ್ಲಿ ಕಲ್ಲಿನಂತೆ ಕೂತಳು. ಆಮೇಲೆ ಎದ್ದು, ಬಂದವರಿಗೆ ಕಾಫಿ ಕೊಟ್ಟರೋ ಇಲ್ಲವೋ ಎಂದು ವಿಚಾರಿಸಿದಳು. ಕೆಲವರು ಬಾಯಿಗೆ ಸೆರಗು ಹಚ್ಚಿ ಏನೇನೋ ಆಡಿಕೊಂಡರು. ನನಗೆ ಕೋಪ ಬಂತು, ಆದರೆ ಕೋಪಕ್ಕಿಂತ ಹೆಚ್ಚಾಗಿ ಭಯವಾಯಿತು. ಅಂದಿನಿಂದ ಅವಳು ದೇವರ ಪಟದ ಮುಂದೆ ದೀಪ ಹಚ್ಚಲಿಲ್ಲ, ಜಪಸರ ಮುಟ್ಟಲಿಲ್ಲ, ಎರಡು ತುತ್ತಿಗಿಂತ ಹೆಚ್ಚು ಉಣ್ಣಲಿಲ್ಲ. ಒಳಗೆ ಕಟ್ಟಿಕೊಂಡದ್ದು ಒಳಗೇ ಇದ್ದು ಅವಳನ್ನು ತಿಂದುಬಿಟ್ಟರೆ, ರೀಟಾಳ ಹಿಂದೆಯೇ ಇವಳೂ ಹೊರಟುಬಿಟ್ಟರೆ ಎಂಬುದೊಂದೇ ನನ್ನ ಚಿಂತೆಯಾಗಿತ್ತು.

ತಪಸ್ಸುಕಾಲ ಅರ್ಧ ಕಳೆದ ಮೇಲೆ ಒಂದು ಭಾನುವಾರ, ನಮ್ಮ ಫಾದರನ್ನು ಕರೆದುಕೊಂಡು ಅವಳ ಮನೆಗೆ ಹೋದೆ. ಫಾದರ್ ಕರಾವಳಿಯ ಕಡೆಯವರು, ಇನ್ನೂ ಚಿಕ್ಕ ವಯಸ್ಸು, ಮಾತು ಬಹಳ ಅಚ್ಚುಕಟ್ಟು. "ಅಮ್ಮಾ, ಈ ಸಲವೂ ಗೋಳುಹಾಡು ನೀವೇ ನಡೆಸಿಕೊಡಬೇಕು, ನಿಮ್ಮ ಮನಸ್ಸಿಗೂ ಹಗುರವಾದೀತು" ಎಂದರು. ದೊಡ್ಡಮ್ಮ ಅವರೆಕಾಯಿ ಸುಲಿಯುತ್ತಿದ್ದವಳು ತಲೆಯೆತ್ತಲಿಲ್ಲ.

"ಇಷ್ಟು ವರ್ಸ ನಾನು ಅವನಿಗೆ ಅತ್ತಿವ್ನಿ ಸಾಮಿ" ಎಂದಳು. "ಈ ವರ್ಸ ಅವನು ನಂಗೆ ಅಳ್ಲಿ."

ಫಾದರ್ ಕೈಯಲ್ಲಿದ್ದ ಕಾಫಿ ಲೋಟವನ್ನು ಕೆಳಗಿಟ್ಟರು. ಬೀದಿಗೆ ಬಂದ ಮೇಲೆ ಅವರು, "ಈ ವರ್ಷ ಬೇಕಾದರೆ ಸ್ಪೀಕರಿನಲ್ಲಿ ಯಾವುದಾದರೂ ಶೋಕಗೀತೆ ಹಾಕೋಣವೇ?" ಎಂದರು. "ಸಾವಿನ ಮನೇಲಿ ಯಾರಾದ್ರೂ ರೆಕಾರ್ಡ್ ಹಾಕ್ತಾರಾ ಫಾದರ್?" ಎಂದೆ. ಸ್ವಲ್ಪ ಗಡುಸಾಗಿಯೇ ಬಂತು ಮಾತು. ಪಾಪ, ಅವರು ತಪ್ಪಾಯಿತು ಎಂಬಂತೆ ತಲೆಯಾಡಿಸಿದರು.

ದೊಡ್ಡಮ್ಮನ ಆ ಮಾತು ಮಾತ್ರ ನನ್ನ ಬೆನ್ನು ಬಿಡಲಿಲ್ಲ. ಬೆಳಗಿನ ಮೆಟ್ರೋದಲ್ಲಿ, ಬಾಗಿಲಿಗೆ ಒತ್ತರಿಸಿಕೊಂಡು ನಿಂತವರ ಮುಖಗಳನ್ನು ನೋಡುತ್ತ, ಅದನ್ನೇ ಮಗುಚಿ ಮಗುಚಿ ಹಾಕಿದೆ. ಮೊದಲು ಅದು ನನಗೆ ದೈವನಿಂದೆಯಂತೆ ಕೇಳಿಸಿತ್ತು, ಆಮೇಲೆ ಮುನಿಸಿನಂತೆ ಕೇಳಿಸಿತು. ಮುನಿಸಾದರೆ ಒಳ್ಳೆಯದೇ ಅಲ್ಲವೇ? ಯಾರೂ ಇಲ್ಲದ ಮನೆಯಲ್ಲಿ ಯಾರು ಮುನಿಸಿಕೊಂಡಾರು? ನೋಡಿ, ನನ್ನ ದಿನನಿತ್ಯದ ಗೊಣಗಾಟಕ್ಕೆ ಎದುರಾಳಿ ಬೇಕಿಲ್ಲ, ಗೋಡೆಯಿದ್ದರೂ ನಡೆಯುತ್ತದೆ, ಯಾರಾದರೂ ಕೇಳಿಸಿಕೊಳ್ಳಲೆಂಬ ಆಸೆಯೂ ಅದಕ್ಕಿಲ್ಲ. ಪ್ರಲಾಪ ಹಾಗಲ್ಲ. ಅದಕ್ಕೆ ಒಂದು ಕಿವಿ ಬೇಕು. ಶಿಲುಬೆಯ ಮೇಲೆ ಯೇಸುವೂ ನನ್ನ ದೇವರೇ ಎಂದು ಕೂಗಿ, ಯಾಕೆ ಕೈಬಿಟ್ಟೆ ಎಂದು ಕೇಳಿದವನು. ಕೇಳಿದ್ದಕ್ಕೆ ಆ ಮಧ್ಯಾಹ್ನ ಉತ್ತರ ಬರಲಿಲ್ಲ. ಉತ್ತರ ಬರಲಿಲ್ಲವೆಂದು ಅವನು ಕರೆಯುವುದನ್ನು ಬಿಡಲಿಲ್ಲ, ಅಷ್ಟೇ. ಭರವಸೆ ಎಂದರೆ ಹಬ್ಬದ ದಿನದ ಹೊಸ ಬಟ್ಟೆಯೆಂದು ನಾನು ತಿಳಿದಿದ್ದೆ. ಈಗೀಗ, ಜಗಳವಾಡುವುದಕ್ಕಾದರೂ ಅವನ ಮನೆಯ ಬಾಗಿಲಿಗೇ ಹೋಗುವ ಹಟವನ್ನೂ ಅದೇ ಹೆಸರಿನಿಂದ ಕರೆಯಬಹುದೇನೋ ಅನ್ನಿಸುತ್ತದೆ. ಇಷ್ಟೆಲ್ಲ ಯೋಚಿಸಿ ಪೀಣ್ಯದಲ್ಲಿ ಇಳಿದಾಗ ಮಂಡಿ ಮತ್ತೆ ಕಟಕಟ ಎಂದಿತು, ನಾನು ಮತ್ತೆ ಗೊಣಗಿದೆ.

ಶುಭ ಶುಕ್ರವಾರ ಬಂತು. ಕಾರ್ಖಾನೆಗೆ ರಜೆ ಹಾಕಿದ್ದೆ. ದೊಡ್ಡಮ್ಮ ಬರುವುದಿಲ್ಲವೆಂದೇ ಎಲ್ಲರ ಎಣಿಕೆ, ಆದರೆ ಬಂದಳು. ಬಂದವಳು ಚಾಪೆಯ ಕಡೆ ತಿರುಗಿಯೂ ನೋಡದೆ, ಹಿಂದಿನ ಗೋಡೆಯ ಪಕ್ಕ ಇದ್ದ ಪ್ಲಾಸ್ಟಿಕ್ ಕುರ್ಚಿಯಲ್ಲಿ, ಬಸ್ಸಿಗೆ ಕಾಯುವವಳಂತೆ ಕೂತಳು. ಪ್ರಾರ್ಥನೆ ಮುಗಿಯಿತು. ಗಂಡಸರು ಯೇಸುವನ್ನು ಇಳಿಸಿ ಮಲಗಿಸಿದರು. ಹೆಂಗಸರು ಸುತ್ತ ಕೂತೆವು. ತಲೆಯ ಕಡೆಯ ಜಾಗ ಖಾಲಿ. ಬೀದಿಯ ಆಚೆಯ ಶೆಡ್ಡಿನಲ್ಲಿ ಕಂಪ್ರೆಸರ್ ಓಡುತ್ತಿರುವುದು, ಯಾವುದೋ ಲಾರಿ ಹಿಂದಕ್ಕೆ ಬರುತ್ತಾ ಕೀಂಗುಟ್ಟುವುದು ಎಲ್ಲ ಕೇಳುತ್ತಿತ್ತು. ಎಷ್ಟು ಹೊತ್ತು ಹಾಗೇ ಕೂರುವುದು? ತಂಗಿಯ ಮಗಳು ಎಂಬ ಕಾರಣಕ್ಕೋ ಏನೋ ಎಲ್ಲರ ಕಣ್ಣೂ ನನ್ನ ಮೇಲೆ ಬಿತ್ತು. ತಾಯಿಯ ಪಾಲನ್ನು ಎತ್ತಿಕೊಳ್ಳಲು ಬಾಯಿ ತೆರೆದೆ. "ಮಗನೇ" ಎಂಬ ಒಂದೇ ಮಾತು ಬಂತು. ಹಿಂದೆ ಕೂತಿರುವವಳ ಎದುರಿಗೆ ಆ ಮಾತು ಹಾಡಲು ನನಗೇನು ಹಕ್ಕಿದೆ ಎನ್ನಿಸಿ ನಾಚಿಕೆಯಾಯಿತು.

ಆಗ ಅನ್ನಮ್ಮ ಎದ್ದಳು. ದೊಡ್ಡಮ್ಮನ ಓರಗೆಯವಳು, ಇಬ್ಬರೂ ಒಟ್ಟಿಗೇ ಹಾಡಿ ಮುದುಕಿಯರಾದವರು. ತಾನು ಕೂತ ಚಾಪೆಯನ್ನು ಸುತ್ತಿ ಕಂಕುಳಲ್ಲಿ ಹಿಡಿದು, ಸೊಂಟ ಹಿಡಿದುಕೊಂಡು ಹಿಂದಕ್ಕೆ ನಡೆದು, ದೊಡ್ಡಮ್ಮನ ಕುರ್ಚಿಯ ಮುಂದೆ ಹಾಸಿಕೊಂಡು ಕೂತಳು. ನಮಗೆ ಅರ್ಥವಾಯಿತು. ಒಬ್ಬೊಬ್ಬರಾಗಿ ನಾವೂ ಎದ್ದು ಹೋಗಿ ಅವಳ ಸುತ್ತ ಕೂತೆವು. ಯೇಸುವಿಗೆ ನಮ್ಮೆಲ್ಲರ ಬೆನ್ನು. ಫಾದರ್ ಚಟ್ಟದ ಪಕ್ಕದಲ್ಲಿ ತಾವೊಬ್ಬರೇ ನೆಲದ ಮೇಲೆ ಕೂತುಬಿಟ್ಟರು.

ತಾಯಿ ಕರೆಯದೆಯೇ ಊರ ಹೆಂಗಸರ ಪಾಲು ಶುರುವಾದದ್ದು ಅದೇ ಮೊದಲು. ಅನ್ನಮ್ಮ ನನ್ನ ತೊಡೆ ತಟ್ಟಿದಳು, ನಾನು ಎತ್ತಿದೆ. "ಹೆತ್ತವಳೇ, ನಿನ್ನ ಮಡಿಲಿಗೆ ಮಾತು ತಂದೀವಿ." ಉಳಿದವರು ಸೇರಿಕೊಂಡರು. ದೊಡ್ಡಮ್ಮ ಯಾರನ್ನೂ ನೋಡಲಿಲ್ಲ. ಎರಡನೆಯ ಸಲ ಇನ್ನೂ ಗಟ್ಟಿಯಾಗಿ ಹಾಡಿದೆ. ರೀಟಾಳ ಮುಖ ಕಣ್ಣಿಗೆ ಕಟ್ಟಿ ದನಿ ನನ್ನ ಹತೋಟಿ ಮೀರಿ ಎಲ್ಲೋ ಮೇಲಕ್ಕೆ ಹೋಯಿತು, ಅಲ್ಲಿ ಹೋಗಿ ಒಡೆಯಿತು. ಹಾಡು ನಿಂತು ನಾನು ಬಿಕ್ಕುವುದೊಂದೇ ಉಳಿಯಿತು. ಅವನು ಅಳಲಿ ಎಂದಿದ್ದಳು ದೊಡ್ಡಮ್ಮ, ಅವನ ಬದಲಿಗೆ ಅಳಲು ಸಿಕ್ಕವಳು ನಾನು, ಅದೂ ಸರಿಯಾಗಿ ಬರಲಿಲ್ಲವಲ್ಲ ಎಂದು ಇನ್ನಷ್ಟು ಅಳು ಬಂತು.

ತಲೆಯ ಮೇಲೆ ಒಂದು ಕೈ ಬಿತ್ತು.

"ಅಷ್ಟ್ ಮೇಲಕ್ಕೆ ಎತ್ಕೋಬ್ಯಾಡ ಕಣೇ" ಎಂದಳು ದೊಡ್ಡಮ್ಮ. "ಗಂಟ್ಲು ಓಯ್ತದೆ. ಇನ್ನೂ ಬೇಕಾದಷ್ಟು ಅಳಾದು ಅದೆ."

ಕುರ್ಚಿಯಿಂದ ಜಾರಿ ನಮ್ಮ ನಡುವೆ ಚಾಪೆಗೆ ಇಳಿದಳು. ಸೆರಗನ್ನು ತಲೆಗೆ ಎಳೆದುಕೊಂಡು, ಕೆಳಗಿನ ದನಿಯಲ್ಲಿ, ತಾಯಿಯ ಪಾಲನ್ನು ತಾನೇ ಎತ್ತಿಕೊಂಡಳು. ಮಗನೇ ಎನ್ನುವ ಕಡೆಯಲ್ಲೆಲ್ಲ ರೀಟಾ ಎಂದಳು. ನಾವೂ ಹಾಗೇ ಹಾಡಿದೆವು.