ಐದು ನಕ್ಷತ್ರದ ಹೊಣೆ

ನಮ್ಮಣ್ಣ ಹಳೆಯ ಕಟ್ಟಡ ಕೆಡವುವವನು. ಸಮ್ಮಟಿಗೆ ಹಿಡಿದು ಹಿಡಿದು ಅವನ ಹೆಸರೇ ಸಮ್ಮಟಿಗೆ ಆಗಿಹೋಗಿದೆ. ಸಿಟ್ಟು ಸದಾ ಮೂಗಿನ ತುದಿಯಲ್ಲಿ. ದಾರಿ ಬಿಡದ ಲಾರಿ ಚಾಲಕನ ಹಲ್ಲು ಉದುರಿಸಿದ್ದಾನೆ. ಕರೆದರೆ ಯಾರೂ ಓಗೊಡಲಿಲ್ಲವೆಂದು ನಮ್ಮದೇ ಬಚ್ಚಲಮನೆಯ ಬಾಗಿಲನ್ನು ಒದ್ದು ಮುರಿದಿದ್ದಾನೆ. ಒಳಗೆ ತಲೆಗೆ ಸೋಪು ಹಚ್ಚಿಕೊಂಡು ನಿಂತಿದ್ದವಳು ಅವನ ತಂಗಿಯಾದ ನಾನು. ಅವನನ್ನು ತಡೆಯುವ ಶಕ್ತಿ ಇದ್ದದ್ದು ಅತ್ತಿಗೆಯ ಗಂಟಲಿಗೆ ಮಾತ್ರ. "ರೀ, ಬೇಡ!" ಎಂದು ಅವಳು ಕೂಗಿದರೆ ಎತ್ತಿದ ಕೈ ಎತ್ತಿದಲ್ಲೇ ನಿಲ್ಲುತ್ತಿತ್ತು.

ಆ ಗಂಟಲಿಗೇ ಗಡ್ಡೆ ಬಂತು. ಧ್ವನಿಪೆಟ್ಟಿಗೆ ತೆಗೆಯದೆ ಜೀವ ಉಳಿಯುವುದಿಲ್ಲ ಎಂದರು ಡಾಕ್ಟರು. ಆಪರೇಷನ್ನಿಗೆ ಮೊದಲೇ ಅವಳ ಮಾತುಗಳನ್ನು ಒಂದು ಟ್ಯಾಬ್‌ನಲ್ಲಿ ತುಂಬಿಸಿಟ್ಟುಕೊಳ್ಳಿ, ಆಮೇಲೆ ಪರದೆ ಮುಟ್ಟಿದರೆ ಅವಳ ದನಿಯಲ್ಲೇ ಹೇಳುತ್ತದೆ ಎಂದು ನರ್ಸಮ್ಮ ದಾರಿ ತೋರಿಸಿದಳು.

ಅಣ್ಣ ಹೆಣ್ಣು ನೋಡುವವನ ಹಾಗೆ ಆನ್‌ಲೈನಿನಲ್ಲಿ ಟ್ಯಾಬ್ ನೋಡಿದ. ಕೊಂಡವರು ಬರೆದಿದ್ದ ಮೆಚ್ಚುಗೆಗಳನ್ನೆಲ್ಲ ಗಟ್ಟಿಯಾಗಿ ಓದಿದ. "'ನಮ್ಮಮ್ಮನಿಗೆ ಕೊಡಿಸಿದೆ, ಕೈಯಿಂದ ಕೆಳಗೇ ಇಡ್ತಿಲ್ಲ.' ನೋಡೇ, ಐದಕ್ಕೆ ಐದು ನಕ್ಷತ್ರ!"

"ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಅಂತಾರೆ. ನೀನು ಕಣ್ಣಲ್ಲೂ ಕಂಡಿಲ್ಲ," ಎಂದೆ.

"ಸುಮ್ನೆ ಯಾರಾದ್ರೂ ಹೊಣೆ ನಿಲ್ತಾರೇನೇ?" ಎಂದು ನನ್ನ ಬಾಯಿ ಮುಚ್ಚಿಸಿದ. ಅವನ ಕಸುಬಿನ ನ್ಯಾಯವೇ ಹಾಗೆ. ಹೊಸಬನನ್ನು ಕೆಲಸಕ್ಕೆ ಸೇರಿಸುವಾಗ 'ಇವನು ಗಟ್ಟಿಗ' ಎಂದು ಯಾರು ಹೇಳುತ್ತಾರೋ ಅವರು ಮೊದಲ ದಿನ ಅವನ ಜೊತೆ ಗೋಡೆಯ ಕೆಳಗೆ ನಿಲ್ಲಬೇಕು. ಹೊಸಬ ತಪ್ಪಿ ಹೊಡೆದರೆ ಇಟ್ಟಿಗೆ ಇಬ್ಬರ ತಲೆಯ ಮೇಲೂ ಬೀಳುತ್ತದೆ. ಇಂಥ ಜನರ ನಡುವೆ ಬೆಳೆದವನಿಗೆ, ಸಾಮಾನು ಮುಟ್ಟದೆಯೇ ಹೊಗಳುವವರು ಇದ್ದಾರೆಂದು ಯಾರು ಹೇಳಬೇಕು?

ಟ್ಯಾಬ್ ಬಂತು. ಅತ್ತಿಗೆ ನೋವು ನುಂಗಿಕೊಂಡು ಕೂತು ಮಾತು ತುಂಬಿಸಿದಳು. ಬೇಕು, ಬೇಡ, ಹೂಂ, ಬಾಗಿಲು ಹಾಕು, ಬಾರೇ ಇಲ್ಲಿ, ಹಾಲು ಉಕ್ಕುತ್ತೆ. ನನಗೆಂದೇ ಎರಡು ಬೈಗುಳ. ಆಪರೇಷನ್ ಆಯಿತು, ಕೊರಳಲ್ಲಿ ತೂತು ಉಳಿಯಿತು, ಮಾತು ಹೋಯಿತು. ಆಮೇಲೆ ಟ್ಯಾಬ್ ತನ್ನ ಗುಣ ತೋರಿಸಿತು. ಒಂದು ಸಾಲು ಮುಟ್ಟಿದರೆ ಅದರ ಕೆಳಗಿನ ಸಾಲು ಮಾತಾಡುತ್ತಿತ್ತು. ಕೆಲವೊಮ್ಮೆ ಸರಿಯಾಗಿಯೂ ಹೇಳಿ ಮೋಸ ಮಾಡುತ್ತಿತ್ತು. ಒಂದು ದಿನ ಉಸಿರು ಕಟ್ಟಿ ಅವಳು ನನ್ನನ್ನು ಕರೆದರೆ, ಅದು ಹಾಲು ಉಕ್ಕುತ್ತೆ ಎಂದಿತು. ನಾನು ಒಲೆಯ ಕಡೆ ಓಡಿದೆ. ಬರುವಷ್ಟರಲ್ಲಿ ಅವಳ ತುಟಿ ನೀಲಿಯಾಗಿತ್ತು. ಆ ಟ್ಯಾಬ್ ಮಾಡಿದವರ ಕೈಗೆ ಹುಳ ಬೀಳಲಿ!

ಕಂಪನಿಗೆ ಫೋನ್ ಮಾಡಿದರೆ, ಬದಲಿ ಕೊಡುತ್ತೇವೆ, ಆದರೆ ಒಳಗಿರುವುದೆಲ್ಲ ಅಳಿಸಿಹೋಗುತ್ತದೆ ಎಂದರು. ಇನ್ನೊಂದು ನಕಲು ಇಟ್ಟುಕೊಳ್ಳಬೇಕೆಂದು ನಮಗೆ ಯಾರಿಗೂ ಹೊಳೆದಿರಲಿಲ್ಲ. ಅವಳ ದನಿ ಇದ್ದದ್ದು ಅದೊಂದರಲ್ಲೇ.

ಮೂವರೂ ಬೀದಿ ಮೂಲೆಯ ಮೊಬೈಲ್ ಅಂಗಡಿಗೆ ಹೋದೆವು. ಅಂಗಡಿಯವನನ್ನು ಎಲ್ಲರೂ ಕರೆಯುವುದು ಚಾರ್ಜರ್ ಎಂದೇ. ಅವನು ಟ್ಯಾಬ್ ತಿರುಗಿಸಿ ನೋಡಿ ನಕ್ಕ. "ಅಯ್ಯೋ ಅಣ್ಣಾ, ಇದನ್ನ ಯಾಕೆ ತಗೊಂಡ್ರಿ? ಶುದ್ಧ ಡಬ್ಬಾ ಮಾಲು."

"ಎಲ್ರೂ ಒಳ್ಳೇದು ಅಂತ ಬರ್ದಿದ್ರಲ್ಲಪ್ಪಾ. ಒಬ್ಬ ಅವರಮ್ಮನಿಗೆ ಕೊಡಿಸಿದ್ನಂತೆ..."

"ಕೈಯಿಂದ ಕೆಳಗೇ ಇಡ್ತಿಲ್ಲ ಅಂತಾನಾ? ಅದು ನಾನೇ ಬರ್ದಿದ್ದು! ಬರೆದವರಿಗೆ ಒಂದು ಇಯರ್‌ಫೋನ್ ಫ್ರೀ ಇತ್ತು."

"ನಿಮ್ಮಮ್ಮ?"

"ಅಮ್ಮ ಸತ್ತು ಯಾವ ಕಾಲ ಆಯ್ತೋ," ಎಂದು ಮತ್ತೆ ನಕ್ಕ.

ಆ ನಗು ಪೂರ್ತಿಯಾಗಲಿಲ್ಲ. ಅಣ್ಣನ ಮುಷ್ಟಿ ಅವನ ಬಾಯಿಗೆ ಬಿತ್ತು. ಗಾಜಿನ ಮೇಜು ಒಡೆಯಿತು. ಅಣ್ಣ ಅವನ ಕೂದಲು ಹಿಡಿದು ರಸ್ತೆಯಾಚೆ ದರದರನೆ ಎಳೆದುಕೊಂಡು ಹೋದ. ಅಲ್ಲಿ ಅವನೇ ಅರ್ಧ ಕೆಡವಿದ್ದ ಗೋದಾಮಿತ್ತು. ಒಂಟಿ ಗೋಡೆಯೊಂದು ಉಳಿದಿತ್ತು. ಚಾರ್ಜರ್‌ನನ್ನು ಅದಕ್ಕೆ ಒರಗಿಸಿ ನಿಲ್ಲಿಸಿ, ಅಲ್ಲೇ ಇಟ್ಟಿದ್ದ ತನ್ನ ಸಮ್ಮಟಿಗೆ ಎತ್ತಿಕೊಂಡ.

"ಹೊಣೆ ನಿಂತೆ ತಾನೇ? ನಿಂತ್ಕೋ ಈಗ. ಅಲುಗಾಡಿದ್ರೆ ತಲೆಗೇ ಹೊಡೀತೀನಿ."

ಮೊದಲ ಏಟು ಅವನ ಕಿವಿಯ ಪಕ್ಕ ಗೋಡೆಗೆ ಬಿತ್ತು. ಎರಡನೆಯದಕ್ಕೆ ಗೋಡೆ ಮೇಲಿನವರೆಗೂ ಬಿರುಕು ಬಿಟ್ಟಿತು, ಇಟ್ಟಿಗೆ ಚೂರು ಸಿಡಿದು ಚಾರ್ಜರ್‌ನ ಹುಬ್ಬು ಸೀಳಿತು. ಅವನು "ಅಮ್ಮಾ" ಎಂದು ಕಿರುಚಿದ. ನಾನು ಅಣ್ಣನ ಸೊಂಟ ಹಿಡಿದು ಜಗ್ಗಿದೆ. ಮೊಣಕೈಯಲ್ಲಿ ತಿವಿದು ನನ್ನನ್ನು ಕೆಡವಿದ.

ಅತ್ತಿಗೆ ಅಂಗಡಿಯಲ್ಲಿ ಉಳಿದಿದ್ದ ಟ್ಯಾಬ್ ಎತ್ತಿಕೊಂಡು ಓಡಿ ಬಂದಳು. ಅವಳ ಬೆರಳು 'ಬೇಡ' ಎಂಬುದರ ಮೇಲೇ ಬಿತ್ತು, ನಾನೇ ಕಂಡೆ. ಟ್ಯಾಬ್ ಅವಳ ಹಳೆಯ ದನಿಯಲ್ಲಿ, ಸ್ಪಷ್ಟವಾಗಿ, "ಹೂಂ" ಎಂದಿತು.

ಅಣ್ಣ ಹೆಂಡತಿಯ ಮುಖ ನೋಡಲಿಲ್ಲ, ದನಿ ಮಾತ್ರ ಕೇಳಿದ. ಸಮ್ಮಟಿಗೆ ಹಿಂದಕ್ಕೆ ಹೋಯಿತು. ಅವಳು ಮತ್ತೆ ಒತ್ತಿದಳು. "ಹೂಂ." ಮತ್ತೆ, "ಹೂಂ."

ಆಗ ಅತ್ತಿಗೆ ಎರಡೂ ಕೈಯಿಂದ ಟ್ಯಾಬ್ ಎತ್ತಿ ಗಂಡನ ಮುಖಕ್ಕೆ ಬೀಸಿ ಒಗೆದಳು. ಅದರ ಅಂಚು ಹಣೆಗೆ ಬಡಿದು ರಕ್ತ ಚಿಮ್ಮಿತು. ಸಮ್ಮಟಿಗೆ ಕೈಜಾರಿತು. ಟ್ಯಾಬ್ ಗೋಡೆಯ ಬುಡಕ್ಕೆ ಹಾರಿಬಿತ್ತು. ಚಾರ್ಜರ್ ಬಿದ್ದೆನೋ ಕೆಟ್ಟೆನೋ ಎಂದು ಓಡಿದ. ಅವನು ರಸ್ತೆ ಮುಟ್ಟುವಷ್ಟರಲ್ಲಿ ಗೋಡೆ ತಾನಾಗಿಯೇ ಕುಸಿದು, ಅವನು ನಿಂತಿದ್ದ ಜಾಗ ಆಳುದ್ದ ಇಟ್ಟಿಗೆಯಲ್ಲಿ ಮುಚ್ಚಿಹೋಯಿತು.

ಅಣ್ಣ ಬರಿಗೈಯಲ್ಲಿ ಇಟ್ಟಿಗೆ ಬಗೆದ. ಉಗುರು ಕಿತ್ತುಬಂದರೂ ನಿಲ್ಲಿಸಲಿಲ್ಲ. ಕೊನೆಗೆ ಸಿಕ್ಕಿದ್ದು ನಜ್ಜುಗುಜ್ಜಾದ ತಗಡು, ಒಂದಿಷ್ಟು ಗಾಜಿನ ಪುಡಿ. ಅದನ್ನು ಬೊಗಸೆಯಲ್ಲಿ ಹಿಡಿದು ಹೆಂಡತಿಯ ಎದುರು ಮಂಡಿಯೂರಿದ.

"ಬೈಯೇ ನನ್ನ," ಎಂದ. "ಬಾಯಿಗೆ ಬಂದಂಗೆ ಬೈ."

ಅತ್ತಿಗೆ ಬಾಯಿ ತೆರೆದಳು. ಕೊರಳಿನ ತೂತಿನಿಂದ ಗಾಳಿ ಮಾತ್ರ ಬಂತು. ಅವಳು ಅವನ ಕೆನ್ನೆಗೆ ಹೊಡೆದಳು, ಮತ್ತೆ ಹೊಡೆದಳು, ಎದೆಗೆ ಗುದ್ದಿದಳು. ಅಣ್ಣ ಕೈ ಅಡ್ಡ ತರಲಿಲ್ಲ. "ಇನ್ನೂ ಹೊಡಿ, ಇನ್ನೂ ಹೊಡಿ," ಎನ್ನುತ್ತ, ಅವಳ ಬಾಯನ್ನೇ ನೋಡುತ್ತಿದ್ದ.